ಪಾಯ್ಸಾಬರ ಕಾದಂಬರಿ, ನನ್ನ ಕೆಂಪು ಪೆನ್ನು

ನಲವತ್ತು ಗಾಯಾಳುಗಳು ಒಂದೇ ಸಲ ವಾರ್ಡಿಗೆ ಬಂದು ಬಿದ್ದಾಗ ಭೂಮಿಯ ಮೇಲಿನ ಯಾವ ನರ್ಸೂ ಕಿಟಕಿಯ ಹತ್ತಿರ ನಿಂತು ಚಂದ್ರನನ್ನು ನೋಡುವುದಿಲ್ಲ. ಪಾಯ್ಸಾಬರ ನರ್ಸ್ ನೋಡಿದಳು. ನಲವತ್ತೇಳನೆಯ ಪುಟದಲ್ಲಿ ಶುರುಮಾಡಿ ಐವತ್ತನೆಯ ಪುಟದವರೆಗೂ ನೋಡಿದಳು. ಆಮೇಲೆ ಒಬ್ಬ ಕ್ಯಾಪ್ಟನ್‌ನ ಕೈ ಹಿಡಿದು ಬೆಳಗಾಗುವ ತನಕ ಕುಳಿತಳು. ಅಬುಧಾಬಿಯ ಬನಿಯಾಸಿನಿಂದ ಆಸ್ಪತ್ರೆಗೆ ಹೋಗುವ ಸ್ಟಾಫ್ ಬಸ್ಸಿನಲ್ಲಿ ಇದನ್ನು ಓದಿ ನಾನು ಎಷ್ಟು ಜೋರಾಗಿ "ಅಯ್ಯೋ ದೇವರೇ" ಅಂದೆನೆಂದರೆ, ಮುಂದಿನ ಸೀಟಿನ ಫಿಲಿಪಿನೋ ಹುಡುಗಿ ತಿರುಗಿ, ಮೈಗೆ ಹುಷಾರಿಲ್ಲವೇ ಎಂದು ಕೇಳಿದಳು.

ಕಾದಂಬರಿಯ ಹೆಸರು 'ರಣರಂಗದ ಶ್ವೇತಪುಷ್ಪ'. ಬರೆದವರು ಫಿಡೆಲಿಸ್ ಪಾಯ್ಸ್. ನಮ್ಮ ಕೊಂಕಣಿಯಲ್ಲಿ ಹಿರಿಯರ ಹೆಸರಿಗೆ 'ಆಬ್' ಸೇರಿಸಿ ಕರೆಯುವುದು ಮರ್ಯಾದೆ. ಹಾಗಾಗಿ ನಮಗೆಲ್ಲ ಅವರು ಪಾಯ್ಸಾಬ್. ದುಬೈಯ ಸತ್ವಾದಲ್ಲಿ ಒಂದು ವಿಲ್ಲಾದ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾರೆ. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಯಾವ ನಕ್ಷೆಯ ಎಷ್ಟನೆಯ ಪ್ರತಿ ಯಾವ ಫೈಲಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ಮನುಷ್ಯ ಒಂಬತ್ತು ವರ್ಷ ಕೂತು ಈ ಕಾದಂಬರಿ ಬರೆದರು. ಮದುವೆಯಾಗಲಿಲ್ಲ. ಅರುವತ್ತೆರಡು ತುಂಬಿತು, ಬರುವ ಜುಲೈಗೆ ವೀಸಾ ಕ್ಯಾನ್ಸಲ್, ಊರಿಗೆ ವಾಪಸ್. ಹಾಗಾಗಿ ಪುಸ್ತಕ ಬಿಡುಗಡೆಯೂ ಬೀಳ್ಕೊಡುಗೆಯೂ ಒಂದೇ ದಿನ ಎಂದು ನಮ್ಮ ಕನ್ನಡ ಬಳಗದವರು ತೀರ್ಮಾನಿಸಿದರು.

ಬಳಗದ ಅಧ್ಯಕ್ಷರು ಸರ್ವೋತ್ತಮ ಶೆಟ್ಟರು. ದುಬೈಯದೇ ಕರಾಮಾದಲ್ಲಿ ಅವರದ್ದೊಂದು ಹೋಟೆಲ್ ಉಂಟು, ಮೇಲಿನ ಮಾಳಿಗೆಯಲ್ಲಿ ನೂರು ಜನ ಹಿಡಿಸುವ ಹಾಲ್. ಅವರೇ ನನಗೆ ಫೋನ್ ಮಾಡಿದ್ದು.

"ಅನ್ನಾ ಸಿಸ್ಟರ್, ಪುಸ್ತಕದ ಬಗ್ಗೆ ನೀವು ಮಾತಾಡ್ಬೇಕು. ಯುದ್ಧದ ನರ್ಸಿನ ಕತೆ. ನರ್ಸೇ ಮಾತಾಡಿದ್ರೆ ಅದರ ತೂಕವೇ ಬೇರೆ."

ನನಗೆ ನಿಜಕ್ಕೂ ಖುಷಿಯಾಗಿತ್ತು. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ. ಕತೆ, ಸಿನಿಮಾ, ಧಾರಾವಾಹಿ ಎಲ್ಲದರಲ್ಲೂ ನರ್ಸ್ ಎಂದರೆ ಬಾಗಿಲು ತೆರೆದು "ಡಾಕ್ಟರ್ ಬಂದ್ರು" ಎನ್ನುವವಳು. ಒಬ್ಬ ನರ್ಸಿನ ಮೇಲೆ ಮುನ್ನೂರು ಪುಟ ಬರೆದಿದ್ದಾರೆಂದರೆ ಸಣ್ಣ ಮಾತೇ? ಊರಿನಿಂದ ಬಂದ ಶೆಟ್ಟರ ಹೆಂಡತಿ ಲೋಲಾಕ್ಷಿ ತಮ್ಮ ಸೂಟ್‌ಕೇಸಿನಲ್ಲಿ ಐದು ಪ್ರತಿ ತಂದಿದ್ದರು. ಉಳಿದವು ಕಾರ್ಗೋದಲ್ಲಿ ಬರುವುದಿತ್ತು. ಐದರಲ್ಲಿ ಒಂದು ಪ್ರತಿ ನನಗೆ ಕಳಿಸಿದರು. ನಾನು ಅದಕ್ಕೆ ಬ್ರೌನ್ ಪೇಪರಿನ ಬೈಂಡ್ ಬೇರೆ ಹಾಕಿದೆ.

ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ನನ್ನ ಖುಷಿ ಇಳಿದುಹೋಯಿತು. ಕತೆ 1943ರದ್ದು. ಮಂಗಳೂರಿನ ಹುಡುಗಿ ಅಪೊಲೊನಿಯಾ ಮಿಲಿಟರಿ ನರ್ಸಾಗಿ ಹಡಗು ಹತ್ತಿ ಇರಾಕಿನ ಬಸ್ರಾದ ಆಸ್ಪತ್ರೆಗೆ ಬರುತ್ತಾಳೆ. ಅಲ್ಲಿಯವರೆಗೆ ಸರಿ. ಆಮೇಲೆ ಅವಳು ಮಾಡುವ ಕೆಲಸ ಮೂರೇ: ಅಳುವುದು, ದೀಪ ಹಿಡಿದು ಓಡಾಡುವುದು, ಗಾಯಾಳುಗಳ ಹಣೆ ಸವರುವುದು. ಅವಳ ಕೈಗಳು ಪ್ರತಿ ಅಧ್ಯಾಯದಲ್ಲೂ "ಕಮಲದ ಎಸಳಿನಂತೆ ಮೃದು". ನಮ್ಮ ಕೈ ಯಾರಾದರೂ ಮುಟ್ಟಿ ನೋಡಲಿ. ದಿನಕ್ಕೆ ಎಂಬತ್ತು ಸಲ ತೊಳೆದು ಒಡೆದ ಕೈಗೆ ಎಷ್ಟು ವ್ಯಾಸಲೀನ್ ಹಚ್ಚಿದರೂ ಸೀರೆಯ ನೂಲು ಸಿಕ್ಕಿಕೊಳ್ಳುತ್ತದೆ.

ಇಲ್ಲಿ ನನ್ನ ಒಂದು ದುರಭ್ಯಾಸ ಹೇಳಬೇಕು. ನಮ್ಮ ಆಸ್ಪತ್ರೆಯಲ್ಲಿ ನರ್ಸುಗಳು ಬರೆದ ಚಾರ್ಟುಗಳನ್ನು ತಿಂಗಳಿಗೊಮ್ಮೆ ತಪಾಸಣೆ ಮಾಡುವವಳು ನಾನು. ಕೆಂಪು ಪೆನ್ನು ಹಿಡಿದು ಕೂತರೆ ನನ್ನ ಸ್ವಂತ ತಂಗಿಯನ್ನೂ ಬಿಡುವವಳಲ್ಲ. ಬರೆಯದ ಕೆಲಸ ಮಾಡದ ಕೆಲಸ, ಇದು ನಮ್ಮಲ್ಲಿ ಮೊದಲ ದಿನವೇ ಕಲಿಸುವ ಪಾಠ. ಹಾಗಾಗಿ ಮಾಡಿದ್ದನ್ನೆಲ್ಲ ಬರೆಯಬೇಕು. ಬರೆದದ್ದಕ್ಕೆ ಸಮಯ ಹಾಕಬೇಕು, ಸಹಿ ಹಾಕಬೇಕು. ಪಾಯ್ಸಾಬರ ಕಾದಂಬರಿ ಓದುತ್ತಾ ಓದುತ್ತಾ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು.

"ವಾರ್ಡಿನಲ್ಲಿ ಹೈ ಹೀಲ್ಸ್? ಬಿದ್ದು ಸೊಂಟ ಮುರಿದರೆ ಇವಳಿಗೇ ಬೆಡ್ ಬೇಕಾಗುತ್ತದೆ. 06:40, ಅನ್ನಾ."

"1943ರಲ್ಲಿ ಪ್ಲಾಸ್ಟಿಕ್ ಸಿರಿಂಜ್ ಎಲ್ಲಿಂದ ಬಂತು? ಗಾಜಿನದ್ದು. ಕುದಿಸಬೇಕು. ಕುದಿಸಿದವರು ಯಾರು? 13:10, ಅನ್ನಾ."

"ಇನ್ನೂರು ಪುಟ ಮುಗಿಯಿತು. ಇದುವರೆಗೆ ಒಬ್ಬ ರೋಗಿಗೂ ಬೆಡ್‌ಪ್ಯಾನ್ ಬೇಕಾಗಲಿಲ್ಲ. 06:55, ಅನ್ನಾ."

ಹೀಗೆ ಪುಟದ ಅಂಚು ಖಾಲಿ ಸಿಕ್ಕಿದಲ್ಲೆಲ್ಲ ಬರೆದೆ. ನಾಲ್ಕು ದಿನದಲ್ಲಿ ಕಾದಂಬರಿ ಮುಗಿಯಿತು, ಪೆನ್ನಿನ ರೀಫಿಲ್ಲೂ ಮುಗಿಯಿತು. ಸಿಟ್ಟು ಮಾತ್ರ ಮುಗಿಯಲಿಲ್ಲ.

ಬೇರೆ ಯಾರಾದರೂ ಬರೆದಿದ್ದರೆ ವೇದಿಕೆಯಲ್ಲೇ ಹೇಳಿಬಿಡುತ್ತಿದ್ದೆ. ಆದರೆ ಇವರು ಪಾಯ್ಸಾಬ್. ನನ್ನ ಗಂಡ ಆಗಸ್ಟಿನ್‌ನ ವಾಡೆಯವರು, ಊರಿನಲ್ಲಿ ಒಂದೇ ಕೇರಿ. ನಮ್ಮ ಮಗಳು ಜಾನಿಸ್ ದಿನ ತುಂಬುವ ಮೊದಲೇ ಹುಟ್ಟಿ ಐದು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ಪ್ರತಿ ಶುಕ್ರವಾರ ಸತ್ವಾದಿಂದ ಬಸ್ಸು ಹಿಡಿದು ಅಬುಧಾಬಿಗೆ ಬಂದವರು. ಕೈಯಲ್ಲಿ ಟಿಫಿನ್ ಕ್ಯಾರಿಯರ್, ಅದರಲ್ಲಿ ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ. ಬಂದರೆ ಹೆಚ್ಚು ಮಾತಿಲ್ಲ, ನಾನು ಉಣ್ಣುವುದನ್ನು ನೋಡಿ, ಪಾತ್ರೆ ತೊಳೆದುಕೊಂಡು ಹೋಗುವುದು. ನನ್ನ ಸ್ವಂತ ಅಣ್ಣ ಆಗ ಫೋನ್ ಮಾಡಿದ್ದು ಎರಡೇ ಸಲ. ಇಂಥ ಮನುಷ್ಯನ ಬೀಳ್ಕೊಡುಗೆಯ ದಿನ ಮುಖಕ್ಕೆ ಹೊಡೆದಂತೆ ಮಾತಾಡುವುದು ಹೇಗೆ?

ಇನ್ನೊಂದು ಕಷ್ಟ ಉಂಟು. ಅಪೊಲೊನಿಯಾ ಎಂಬುದು ಅವರ ಅಮ್ಮನ ಹೆಸರು. ಬಸ್ರಾಕ್ಕೆ ಬಂದ ನರ್ಸ್ ಅವರ ಅಮ್ಮನೇ. "ಅಮ್ಮ ತೀರಿಹೋಗುವಾಗ ನನಗೆ ಹನ್ನೊಂದು ವರ್ಷ, ಬಾಯೆ," ಎಂದು ಒಮ್ಮೆ ಹೇಳಿದ್ದರು. ಬಾಯೆ ಎಂದು ನನ್ನನ್ನು ಪ್ರೀತಿಯಿಂದ ಕರೆಯುವುದು ಅವರೊಬ್ಬರೇ. "ಅವರು ಯುದ್ಧದ ವಿಷಯ ಮಾತಾಡಿದವರೇ ಅಲ್ಲ. ಮಾತೇ ಕಡಿಮೆ. ನನಗೆ ಗೊತ್ತಿದ್ದದ್ದು ಒಂದು ಫೋಟೋ, ಒಂದು ಹಡಗಿನ ಹೆಸರು, ಅಷ್ಟೇ. ಉಳಿದದ್ದು ಕಲ್ಪನೆ." ಅಮ್ಮನ ಮೇಲೆ ಮಗ ಬರೆದದ್ದನ್ನು ಕೆಟ್ಟದಾಗಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಚೆನ್ನಾಗಿದೆ ಎಂದರೆ ಆ ಪುಣ್ಯಾತಗಿತ್ತಿಗೇ ದ್ರೋಹ. ಅವಳು ಏನೇನು ಮಾಡಿರಬಹುದು ಎಂದು ನನಗೆ ಗೊತ್ತಲ್ಲ.

ಆಗಸ್ಟಿನ್‌ಗೆ ಇಂಥ ಸಂಕಟಗಳು ಅರ್ಥವಾಗುವುದಿಲ್ಲ. "ಮುದ್ರಣ ಚಂದ ಉಂಟು ಅಂತ ಹೇಳು, ಮುಗೀತು. ಖಲಾಸ್."

ಜಾನಿಸ್ ಫೋನಿನಿಂದ ತಲೆ ಎತ್ತದೆ ಹೇಳಿದಳು. "ಮಮ್ಮಾ, ಜಸ್ಟ್ ಸೇ ಇಟ್ಸ್ ನೈಸ್."

ಕಡೆಗೆ ನಾನೂ ಅದೇ ದಾರಿ ಹಿಡಿದೆ. ಎರಡು ಪುಟದ ಭಾಷಣ ಬರೆದೆ. ಮುಖಪುಟದ ಬಣ್ಣ, ಕಾಗದದ ಗುಣಮಟ್ಟ, ಪಾಯ್ಸಾಬರ ಒಂಬತ್ತು ವರ್ಷದ ಶ್ರಮ, ಕನ್ನಡದ ಮೇಲಿನ ಪ್ರೀತಿ. ಒಳಗೆ ಏನಿದೆ ಎಂಬುದೊಂದನ್ನು ಬಿಟ್ಟು ಎಲ್ಲ ಬರೆದೆ. ಓದಿ ನೋಡಿದಾಗ ನನಗೇ ನಾಚಿಕೆಯಾಯಿತು, ಆದರೂ ಮಡಚಿ ವ್ಯಾನಿಟಿ ಬ್ಯಾಗಿನಲ್ಲಿಟ್ಟೆ.

ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ದುಬೈಗೆ ಹೊರಡುವಾಗ ಪುಸ್ತಕ ಹುಡುಕಿದೆ. ಮಂಚದ ಪಕ್ಕದ ಮೇಜಿನ ಮೇಲಿರಲಿಲ್ಲ.

"ಅದಾ? ನಿನ್ನೆ ಕೊಟ್ಟು ಕಳಿಸಿದೆ ಅಲ್ವಾ," ಅಂದ ಆಗಸ್ಟಿನ್, ಕಾರಿನ ಕೀ ತಿರುಗಿಸುತ್ತಾ. "ನೀನು ಡ್ಯೂಟಿಯಲ್ಲಿದ್ದಿ. ಶೆಟ್ಟರ ಫೋನ್ ಬಂತು. ಕಾರ್ಗೋ ಇನ್ನೂ ಬರ್ಲಿಲ್ಲವಂತೆ. ವೇದಿಕೆಯಲ್ಲಿ ಐದು ಜನ, ಐದು ಪುಸ್ತಕ ಬೇಕಲ್ಲ. ಅವರ ಹೋಟೆಲಿನ ರೋಷನ್ ಈ ಕಡೆ ಬಂದಿದ್ದ, ಕೊಟ್ಟೆ. ಬೈಂಡ್ ತೆಗೆದೇ ಕೊಟ್ಟೆ, ಹೊಸದರ ಹಾಗೆ ಕಾಣ್ಲಿ ಅಂತ."

"ಒಳಗೆ ತೆರೆದು ನೋಡಿದ್ರಾ?"

"ನಾನ್ಯಾಕೆ ನೋಡ್ಲಿ? ನಾನು ಪೇಪರ್ ಓದುವುದೇ ಕಷ್ಟದಲ್ಲಿ."

ಅಬುಧಾಬಿಯಿಂದ ದುಬೈವರೆಗೆ ನಾನು ಒಂದು ಮಾತೂ ಆಡಲಿಲ್ಲ. ಮದುವೆಯಾಗಿ ಹದಿನೈದು ವರ್ಷದಲ್ಲಿ ಇಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಅದೇ ಮೊದಲು. ಆಗಸ್ಟಿನ್ ಹೆದರಿ ಎರಡು ಸಲ ಎಸಿ ಹೆಚ್ಚು ಮಾಡಿದ.

ಪುಸ್ತಕ ಬಿಡುಗಡೆ ಎಂದರೆ ನಮ್ಮವರಲ್ಲಿ ಒಂದು ಕ್ರಮ ಉಂಟು. ಪುಸ್ತಕಗಳನ್ನು ಚಿನ್ನದ ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ ಹರಿವಾಣದಲ್ಲಿಡುವುದು. ವೇದಿಕೆಯಲ್ಲಿದ್ದವರು ರಿಬ್ಬನ್ ಬಿಚ್ಚಿ, ಕಾಗದ ಹರಿದು, ಪುಸ್ತಕವನ್ನು ಎದೆಯ ಮುಂದೆ ಹಿಡಿದು ಫೋಟೋಕ್ಕೆ ನಗುವುದು. ಒಳಗೆ ತೆರೆದು ನೋಡುವ ಪದ್ಧತಿ ಇಲ್ಲ. ನನಗಿದ್ದ ಧೈರ್ಯ ಅದೊಂದೇ.

ಆದರೂ ಹಾಲಿಗೆ ಹೋದವಳೇ ಸೀದಾ ಹರಿವಾಣದ ಹತ್ತಿರ ಹೋದೆ. ಐದು ಪೊಟ್ಟಣ, ಒಂದರ ಹಾಗೆ ಇನ್ನೊಂದು. ಒಂದನ್ನು ಕೈಗೆತ್ತಿಕೊಂಡೆ.

"ಮುಟ್ಟಬೇಡಿ ಸಿಸ್ಟರ್!" ಲೋಲಾಕ್ಷಿ ಎಲ್ಲಿಂದಲೋ ಓಡಿ ಬಂದರು. "ಟೇಪ್ ಬಿಡ್ತದೆ. ನಾನು ಬೆಳಿಗ್ಗೆಯಿಂದ ಕೂತು ಸುತ್ತಿದ್ದು."

"ಇದರಲ್ಲಿ ನನ್ನದು ಯಾವುದು?"

"ಎಲ್ಲ ಒಂದೇ ಅಲ್ವಾ, ಎಂತ ವ್ಯತ್ಯಾಸ?" ಎಂದು ನಗುತ್ತಾ ಹರಿವಾಣವನ್ನು ಎತ್ತಿಕೊಂಡೇ ಹೋದರು.

ಹಾಲ್ ತುಂಬಿತ್ತು. ಹಿಂದಿನ ಸಾಲಿನಲ್ಲಿ ನನ್ನ ವಾರ್ಡಿನ ಸಕೀನ, ಅವಳ ಜೊತೆ ಮೂರು ನಾಲ್ಕು ನರ್ಸುಗಳು. ನಾನು ಮಾತಾಡುತ್ತೇನೆಂದು ಬಸ್ಸು ಹಿಡಿದು ಬಂದಿದ್ದರು. ವೇದಿಕೆಯಲ್ಲಿ ಪಾಯ್ಸಾಬ್ ಹೊಸ ಕೋಟು ಹಾಕಿ, ಮಲ್ಲಿಗೆ ಹಾರದ ಒಳಗೆ ಸಣ್ಣವರಾಗಿ ಕೂತಿದ್ದರು. ನನ್ನನ್ನು ನೋಡಿ, ಬಂದೆಯಲ್ಲ ಎನ್ನುವ ಹಾಗೆ ತಲೆಯಾಡಿಸಿದರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಎಂದೂ ಕಂಡಿರಲಿಲ್ಲ.

ಹರಿವಾಣ ಬಂತು. ಐದು ಜನ ಒಂದೊಂದು ಎತ್ತಿಕೊಂಡರು, ನಾನೂ ಒಂದು. ರಿಬ್ಬನ್ ಬಿಚ್ಚಿ ಮೆಲ್ಲನೆ ಒಳಗೆ ಇಣುಕಿದೆ. ಪುಟದ ಅಂಚುಗಳು ಹಾಲಿನಂತೆ ಬಿಳಿ. ನನ್ನದಲ್ಲ. ಫೋಟೋಕ್ಕೆ ನಕ್ಕೆವು. ಚಪ್ಪಾಳೆ ಬಿತ್ತು. ಯಾರೂ ತೆರೆಯಲಿಲ್ಲ. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಶೆಟ್ಟರು ಮೈಕಿನ ಮುಂದೆ ನಿಂತು, "ಈಗ ಲೇಖಕರು ತಮ್ಮ ಕಾದಂಬರಿಯಿಂದ ಒಂದು ಪುಟ ಓದಬೇಕೆಂದು ವಿನಂತಿ" ಅಂದರು. ಕಾರ್ಯಕ್ರಮದ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಪಾಯ್ಸಾಬ್ ಕನ್ನಡಕ ಸರಿ ಮಾಡಿಕೊಂಡು, ಕೈಯಲ್ಲಿದ್ದ ಪುಸ್ತಕ ತೆರೆದರು. ತೆರೆದವರು ಹಾಗೇ ನಿಂತರು. ಒಂದು ಪುಟ ತಿರುಗಿಸಿದರು. ಇನ್ನೊಂದು ತಿರುಗಿಸಿದರು. ಇಪ್ಪತ್ತಾರು ವರ್ಷ ಸಹಿ, ತಾರೀಕು, ಸಮಯ ಹುಡುಕಿಯೇ ಬದುಕಿದ ಮನುಷ್ಯನಿಗೆ ಯಾರು ಬರೆದದ್ದೆಂದು ತಿಳಿಯಲು ಎಷ್ಟು ಹೊತ್ತು ಬೇಕು? ಸಭೆಯಲ್ಲಿ ಯಾರೋ ಕೆಮ್ಮಿದರು. ನಾನು ನೆಲ ನೋಡುತ್ತಾ ಕೂತೆ.

"ಕಣ್ಣು ಸ್ವಲ್ಪ ಮಂಜು," ಅಂದರು ಪಾಯ್ಸಾಬ್ ಮೈಕಿನಲ್ಲಿ. "ನನ್ನ ಬದಲು ಅನ್ನಾ ಸಿಸ್ಟರ್ ಓದುತ್ತಾರೆ."

ಹತ್ತಿರ ಬಂದು ಪುಸ್ತಕವನ್ನು ನನ್ನ ಕೈಯಲ್ಲಿಟ್ಟರು. ನಾನು ಬ್ಯಾಗಿನಿಂದ ಭಾಷಣದ ಕಾಗದ ತೆಗೆಯಲು ಹೋದೆ. ಅವರು ತಲೆ ಅಲ್ಲಾಡಿಸಿ ಮೆಲ್ಲನೆ ಹೇಳಿದರು. "ಅದು ಬೇಡ ಬಾಯೆ. ಬದಿಯಲ್ಲಿ ಬರೆದದ್ದನ್ನು ಓದು."

"ಪಾಯ್ಸಾಬ್, ಇದು ಸಿಟ್ಟಿನಲ್ಲಿ..."

"ಗೊತ್ತಾಯ್ತು. ಓದು."

ಕೋಪವೋ ಬೇಸರವೋ ಅವರ ದನಿಯಿಂದ ತಿಳಿಯಲಿಲ್ಲ. ಬೇಡ ಎಂದು ಕೂತುಬಿಡಬಹುದಿತ್ತು. ಆದರೆ ಸುಳ್ಳು ಹೇಳುವ ದಾರಿ ಇನ್ನು ಮುಚ್ಚಿತ್ತು. ನಿಜ ಹೇಳಿದರೆ, ಗಂಜಿ ಹೊತ್ತು ತಂದ ಈ ಮನುಷ್ಯ ಊರಿಗೆ ಹೋಗುವಾಗ ನನ್ನ ಮುಖವನ್ನೂ ನೋಡದೆ ಹೋಗಬಹುದು. ಎದ್ದು ಮೈಕಿನ ಮುಂದೆ ನಿಂತೆ. ಹೈ ಹೀಲ್ಸ್ ಓದಿದೆ. ಸಕೀನ ಕಿಸಕ್ಕನೆ ನಕ್ಕಳು. ಸಿರಿಂಜ್ ಓದಿದೆ. ಬೆಡ್‌ಪ್ಯಾನ್ ಓದುವಾಗ ನರ್ಸುಗಳ ಸಾಲು ಪೂರ್ತಿ ನಕ್ಕಿತು, ಆಮೇಲೆ ಇಡೀ ಹಾಲ್ ನಕ್ಕಿತು. ನಾನು ನಗಲಿಲ್ಲ. ನಲವತ್ತೇಳನೆಯ ಪುಟಕ್ಕೆ ಬಂದೆ.

"ನಲವತ್ತು ಜನರಲ್ಲಿ ಒಬ್ಬನ ಕೈ ಹಿಡಿದು ಕೂತಳು. ಉಳಿದ ಮೂವತ್ತೊಂಬತ್ತು ಮಂದಿಗೆ ನೀರು ಕೊಟ್ಟವರು ಯಾರು? 06:50, ಅನ್ನಾ."

ಈ ಸಲ ಯಾರೂ ನಗಲಿಲ್ಲ. ನನಗೆ ಮಾತು ತಾನಾಗಿ ಬಂತು. "ಅವಳೇ ಕೊಟ್ಟದ್ದು," ಅಂದೆ. "ಕೊಡದೆ ಇರ್ಲಿಕ್ಕೆ ಸಾಧ್ಯವೇ ಇಲ್ಲ. ಈ ಅಪೊಲೊನಿಯಾ ನಿಜವಾಗಿ ಬಸ್ರಾದಲ್ಲಿದ್ದವರು. ಚಂದ್ರನನ್ನು ನೋಡಿರ್ಲಿಕ್ಕಿಲ್ಲ. ನಲವತ್ತು ಮಂದಿಗೂ ನೀರು ಕೊಟ್ಟಿರ್ತಾರೆ, ಹೇಲು ಉಚ್ಚೆ ತೆಗೆದಿರ್ತಾರೆ, ಕೈ ಒಡೆದಿರ್ತದೆ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಇಷ್ಟು ದೊಡ್ಡ ಹೆಂಗಸಿನ ಕೈಗೆ ಬರೀ ಒಂದು ದೀಪ ಕೊಟ್ಟಿದ್ದೀರಿ ಪಾಯ್ಸಾಬ್."

ಹೇಳಿದ್ದು ಹೆಚ್ಚಾಯಿತೋ ಎಂದು ಹೆದರಿ, ಬೇಗ ಮುಗಿಸಿಬಿಡೋಣವೆಂದು ಕೈಗೆ ಸಿಕ್ಕಿದ ಪುಟ ತೆರೆದೆ. ಜ್ವರದಲ್ಲಿ ನರಳುವ ಸೈನಿಕನ ಹಣೆಯನ್ನು ಅಪೊಲೊನಿಯಾ ಸವರುವ ಭಾಗ. "ಹಣೆ ಆಮೇಲೆ. ಮೊದಲು ಮಣಿಕಟ್ಟು ಹಿಡಿ, ಗಡಿಯಾರ ನೋಡು. ಒಂದು ನಿಮಿಷ ಪೂರ್ತಿ. 07:05, ಅನ್ನಾ."

"ಗಡಿಯಾರ ಯಾಕೆ?"

ಪಾಯ್ಸಾಬ್ ಕುರ್ಚಿಯಿಂದ ಎದ್ದು ನಿಂತಿದ್ದರು.

"ನಾಡಿ ಎಣಿಸ್ಲಿಕ್ಕೆ," ಅಂದೆ. "ನಿಮಿಷಕ್ಕೆ ಎಷ್ಟು ಅಂತ. ಕಣ್ಣು ಸೆಕೆಂಡಿನ ಮುಳ್ಳಿನ ಮೇಲೆಯೇ ಇರ್ಬೇಕು, ಇಲ್ಲದಿದ್ರೆ ಲೆಕ್ಕ ತಪ್ತದೆ. ಮಾತಾಡಿದ್ರೂ ತಪ್ತದೆ."

"ರೋಗಿಯ ಮುಖ ನೋಡುವುದಿಲ್ಲವಾ?"

"ನೋಡುವುದಿಲ್ಲ. ಆ ಒಂದು ನಿಮಿಷ ಇಲ್ಲ."

ಪಾಯ್ಸಾಬ್ ಕನ್ನಡಕ ತೆಗೆದರು. ಮೈಕಿನ ಹತ್ತಿರ ಬಂದರು. ನಾನು ಬದಿಗೆ ಸರಿದೆ.

"ನನಗೆ ಜ್ವರ ಬಂದಾಗ ಅಮ್ಮ ಹಣೆ ಸವರಿದವರಲ್ಲ," ಅಂದರು. "ಕೈ ಹಿಡಿದು ಗೋಡೆಯ ಗಡಿಯಾರ ನೋಡ್ತಿದ್ರು. ನಾನು ಅಮ್ಮಾ ಅಂದ್ರೆ 'ಶ್!' ಅಂತಿದ್ರು. ಹೊತ್ತು ನೋಡ್ತಾರೆ, ಏಳ್ಲಿಕ್ಕೆ ಅವಸರ, ನನ್ನ ಹತ್ತಿರ ಕೂತುಕೊಳ್ಳುವುದೆಂದರೆ ಅವರಿಗೆ ಬೇಜಾರು ಅಂತ ಎಣಿಸಿದ್ದೆ. ಐವತ್ತೊಂದು ವರ್ಷ ಹಾಗೇ ಎಣಿಸಿದ್ದೆ." ಕನ್ನಡಕವನ್ನು ಕೋಟಿನ ಜೇಬಿಗೆ ಹಾಕಿದರು. "ಹಣೆ ಸವರುವ ಅಮ್ಮನನ್ನು ನಾನು ಬರೆದು ಮಾಡಿಕೊಂಡೆ. ಅಷ್ಟೇ ಈ ಕಾದಂಬರಿ."

ನನಗೆ ಅಳು ಬಂತು. ವೇದಿಕೆ ಎಂದು ಲಕ್ಷಿಸದೆ ಅತ್ತೆ. ಸಕೀನಳೂ ಅಳುತ್ತಿದ್ದಳು. ಶೆಟ್ಟರಿಗೆ ಏನು ಮಾಡುವುದೆಂದು ತೋಚದೆ, ಮೈಕ್ ಹಿಡಿದು, "ಎಲ್ಲರಿಗೂ ಗೋಳಿಬಜೆ ಮತ್ತು ಚಹಾ ಉಂಟು, ಬಿಸಿ ಉಂಟು, ಯಲ್ಲಾ," ಅಂದರು. ಜನ ಮೆಲ್ಲಮೆಲ್ಲನೆ ಎದ್ದು ತಟ್ಟೆಗಳ ಕಡೆ ಹೋದರು. ಹಾಲಿನಲ್ಲಿ ಮತ್ತೆ ಮಾತು, ನಗು, ತೆಂಗಿನೆಣ್ಣೆಯ ಪರಿಮಳ ತುಂಬಿತು. ಆಗಸ್ಟಿನ್ ಎಲ್ಲರಿಗಿಂತ ಮೊದಲು ಸಾಲಿನಲ್ಲಿದ್ದ. ಜಾನಿಸ್ ಮಾತ್ರ ಚಹಾದ ಕಡೆ ಹೋಗದೆ ನನ್ನ ಹತ್ತಿರ ಬಂದು, ಒಂದು ಟಿಶ್ಯೂ ಕೊಟ್ಟು ಹೋದಳು.

ಪಾಯ್ಸಾಬ್ ವೇದಿಕೆಯ ಅಂಚಿನ ಕುರ್ಚಿಯಲ್ಲಿ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಕ್ಷಮಿಸಿ ಎಂದು ಹೇಳಬೇಕೆಂದುಕೊಂಡಿದ್ದೆ. ಅವರು ಹೇಳಲು ಬಿಡಲಿಲ್ಲ. ಕೋಟು ಕಳಚಿ, ಅಂಗಿಯ ತೋಳು ಮೇಲೆ ಸರಿಸಿ, ಕೈ ನನ್ನ ಮುಂದೆ ಹಿಡಿದರು.

ಮಣಿಕಟ್ಟು ಹಿಡಿದೆ. ಎದುರು ಗೋಡೆಯಲ್ಲಿ ಶೆಟ್ಟರ ಹೋಟೆಲಿನ ದೊಡ್ಡ ಗಡಿಯಾರ ಇತ್ತು. ಅದನ್ನೇ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದೆ. ಅವರು ಮಾತಾಡಲಿಲ್ಲ. ನಾನು ಅವರ ಮುಖ ನೋಡಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದಾರೆಂದು ಮಾತ್ರ ತಿಳಿಯುತ್ತಿತ್ತು.

"ಎಪ್ಪತ್ತೆಂಟು," ಅಂದೆ. "ಸರಿ ಉಂಟು."

ಪಾಯ್ಸಾಬ್ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಇನ್ನೊಮ್ಮೆ ನೋಡು ಬಾಯೆ," ಅಂದರು.